ಎರಡನ್ನು 127 ಸಲ ಗುಣಿಸಿ, ಒಂದು ಕಳೆದರೆ

ಪ್ರಶ್ನೆ: ಎಂಟನೇ ಕ್ಲಾಸಿಗೆ ಅವಿಭಾಜ್ಯ ಸಂಖ್ಯೆಗಳ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಒಂದು ಚೀಟಿ ತಂದ. ಅದರಲ್ಲಿ 170141183460469231731687303715884105727 ಅಂತ ಬರೆದಿತ್ತು. "ಮೇಡಂ, ಇದು ಅವಿಭಾಜ್ಯವಂತೆ. 1876ರಲ್ಲೇ ಗೊತ್ತಾಗಿತ್ತಂತೆ. ಕಂಪ್ಯೂಟರ್ ಇಲ್ಲದೆ ಹೇಗೆ?" ಅಂದ. ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಇಷ್ಟು ದೊಡ್ಡ ಸಂಖ್ಯೆಗೆ ಅದು ಸಾಧ್ಯವೇ? ಈ ಸಂಖ್ಯೆಯಲ್ಲಿ ಬೇರೆ ಏನು ವಿಶೇಷ? ಉಪಯೋಗ ಏನಾದರೂ ಇದೆಯೇ?
(ಹೈಸ್ಕೂಲ್ ಗಣಿತ ಶಿಕ್ಷಕಿ, ಹಾಸನ ಜಿಲ್ಲೆ)

ಉತ್ತರ: ಮೇಡಂ, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಚೀಟಿಯ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಬಿಡಿಸಿ ನೋಡಿದೆ. 39 ಅಂಕಿ, ಒಂದೂ ತಪ್ಪಿಲ್ಲ. ಅವಿಭಾಜ್ಯ ಅನ್ನುವುದೂ ನಿಜ, 1876 ಅನ್ನುವುದೂ ನಿಜ. ನೀವು ಹೇಳಿಕೊಟ್ಟ ವಿಧಾನವೂ ಸರಿಯೇ. ಆದರೆ ಇದನ್ನು ಸಾಧಿಸಿದವರು 7ರಿಂದ ಹೋಗುತ್ತದಾ, 11ರಿಂದ ಹೋಗುತ್ತದಾ ಅಂತ ಒಂದೊಂದಾಗಿ ಭಾಗಿಸುತ್ತಾ ಕೂರಲಿಲ್ಲ. ಸಂಖ್ಯೆಯನ್ನು ಒಡೆಯಲು ನೋಡುವುದನ್ನೇ ಬಿಟ್ಟು, ಅದರ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿದರು.

ಪಕ್ಕದ ಮನೆ ಅಂದರೆ ಈ ಸಂಖ್ಯೆಗೆ ಒಂದು ಕೂಡಿಸಿದರೆ ಬರುವುದು. ಕೊನೆಯ 727 ಹೋಗಿ 728 ಆಗುತ್ತದೆ. ಅದು ಬರೀ ಎರಡುಗಳಿಂದ ಕಟ್ಟಿದ ಸಂಖ್ಯೆ. 2ನ್ನು 127 ಸಲ ಬರೆದು ಎಲ್ಲವನ್ನೂ ಗುಣಿಸಿದರೆ ಅದೇ ಬರುತ್ತದೆ. ಹಾಗಾಗಿ ಹುಡುಗನ ಸಂಖ್ಯೆ 2¹²⁷ − 1. ಈ ಜಾತಿಯ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು.

ಚದುರಂಗದ ಮಣೆಯ ಮೇಲೆ ಭತ್ತದ ಕಾಳು ಇಡುವ ಕಥೆ ಮಕ್ಕಳಿಗೆ ಗೊತ್ತಿರುತ್ತದೆ ಅಲ್ವಾ? ಮೊದಲ ಮನೆಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. 64 ಮನೆ ತುಂಬಿದಾಗ ಒಟ್ಟು 2⁶⁴ − 1 ಕಾಳು, ಅಂದರೆ 18446744073709551615. ಅದೂ ಇದೇ ಆಕಾರದ ಸಂಖ್ಯೆ, ಆದರೆ 5ರಲ್ಲಿ ಮುಗಿಯುವುದರಿಂದ ಅವಿಭಾಜ್ಯ ಅಲ್ಲ. ಘಾತಾಂಕ ತಾನೇ ಒಡೆಯುವ ಸಂಖ್ಯೆಯಾದರೆ ಇಡೀ ಸಂಖ್ಯೆಯೂ ಒಡೆಯುತ್ತದೆ. ಘಾತಾಂಕ ಅವಿಭಾಜ್ಯ ಆಗಿರಲೇಬೇಕು. ಆದರೆ ಅಷ್ಟೇ ಸಾಲದು: 11 ಅವಿಭಾಜ್ಯ, ಆದರೂ 2¹¹ − 1 = 2047 = 23 × 89.

ಈಗ ನಿಮ್ಮ ಭಾಗಾಕಾರದ ವಿಧಾನಕ್ಕೆ ಬರೋಣ. ಸಂಖ್ಯೆ 7ರಲ್ಲಿ ಮುಗಿಯುತ್ತದೆ. 2 ಮತ್ತು 5 ಹೋದವು. ಅಂಕಿಗಳ ಮೊತ್ತ 154. ಮತ್ತೆ ಕೂಡಿಸಿದರೆ 10. 3 ಕೂಡ ಹೋಯಿತು. ಮುಂದೆ? ವರ್ಗಮೂಲ ಸುಮಾರು 1.3 × 10¹⁹, ಅಂದರೆ 20 ಅಂಕಿಯ ಸಂಖ್ಯೆ. ಅಲ್ಲಿಯವರೆಗೆ ಹೋಗಬೇಕು.

ಕೆಲಸ ಕಡಿಮೆ ಮಾಡುವ ಒಂದು ಒಳದಾರಿ ಇದೆ. 2¹²⁷ − 1ನ್ನು ಭಾಗಿಸುವ ಯಾವುದೇ ಅವಿಭಾಜ್ಯ ಸಂಖ್ಯೆ 254ರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು. ಜೊತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಮೊದಲನೆಯ ನಿಯಮ 2047ಕ್ಕೆ ಹೊಂದುತ್ತದಾ ನೋಡಿ: ಅಲ್ಲಿ 11ರ ಎರಡರಷ್ಟು 22; ಅಪವರ್ತನಗಳು 22 + 1 ಮತ್ತು 88 + 1. ಸರಿಹೋಯಿತು. ನಮ್ಮ ಸಂಖ್ಯೆಗೆ ಬಂದರೆ ಮೊದಲ ಅಭ್ಯರ್ಥಿ 254 + 1 = 255. ಅದೇ ಅವಿಭಾಜ್ಯ ಅಲ್ಲ. ಎಂಟರ ನಿಯಮ ಇಟ್ಟುಕೊಂಡು ಮುಂದೆ ಹೋದರೆ 1017, 1271, 2033 ಸಿಗುತ್ತವೆ. 1271 = 31 × 41, 2033 = 19 × 107. ಇವೂ ಬಿದ್ದವು. ಭಾಗಿಸಿ ನೋಡಲು ಯೋಗ್ಯವಾದ ಮೊಟ್ಟಮೊದಲ ಸಂಖ್ಯೆ 2287! ಅದಕ್ಕಿಂತ ಚಿಕ್ಕ ಯಾವ ಅವಿಭಾಜ್ಯದಿಂದಲೂ ಭಾಗಿಸುವ ಅಗತ್ಯವೇ ಇಲ್ಲ. ಇದನ್ನು ಕ್ಲಾಸಿನಲ್ಲಿ ಮಾಡಿಸಿ, ಮಕ್ಕಳಿಗೆ ಖುಷಿಯಾಗುತ್ತದೆ.

ಆದರೂ ಸಾಲದು. ಇಷ್ಟೆಲ್ಲ ಸೋಸಿದ ಮೇಲೂ 20 ಅಂಕಿಯ ಆ ವರ್ಗಮೂಲದೊಳಗೆ ಸುಮಾರು 2.5 × 10¹⁶ ಅಭ್ಯರ್ಥಿಗಳು ಉಳಿಯುತ್ತವೆ. ಸೆಕೆಂಡಿಗೊಂದು ಭಾಗಾಕಾರ, ಊಟ ನಿದ್ದೆ ಇಲ್ಲದೆ ಮಾಡಿದರೂ ಸುಮಾರು 80 ಕೋಟಿ ವರ್ಷ ಬೇಕು.

ಮರ್ಸೆನ್ ಪ್ಯಾರಿಸ್ಸಿನಲ್ಲಿದ್ದ ಒಬ್ಬ ಸನ್ಯಾಸಿ. 1644ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು: 257ರವರೆಗೆ 2, 3, 5, 7, 13, 17, 19, 31, 67, 127, 257 ಈ ಘಾತಾಂಕಗಳಿಗೆ ಮಾತ್ರ ಸಂಖ್ಯೆ ಅವಿಭಾಜ್ಯ ಆಗುತ್ತದೆ ಅಂತ. ಸಾಧನೆ ಕೊಡಲಿಲ್ಲ. ಪಟ್ಟಿಯಲ್ಲಿ ಐದು ತಪ್ಪುಗಳಿವೆ. 67 ಮತ್ತು 257 ಇರಬಾರದಿತ್ತು. 61, 89, 107 ಬಿಟ್ಟುಹೋಗಿವೆ. ಆದರೆ 127 ಸರಿ. ಅದು ಊಹೆಯೋ ಅದೃಷ್ಟವೋ, ಅವರಿಗೇ ಗೊತ್ತು. 31ರ ಸಂಖ್ಯೆ, ಅಂದರೆ 2147483647, ಅವಿಭಾಜ್ಯ ಎಂದು ಆಯ್ಲರ್ ಸಾಧಿಸಿದ್ದು 1772ರಲ್ಲಿ. ಅವರು ಇದೇ ಸೋಸುವ ವಿಧಾನ ಬಳಸಿದರು. 10 ಅಂಕಿಗೆ ಅದು ಸಾಕಾಯಿತು. 39 ಅಂಕಿಗೆ ಬೇರೆಯದೇ ಯೋಚನೆ ಬೇಕಿತ್ತು.

ಅದನ್ನು ತಂದವರು ಎಡುಆರ್ ಲೂಕಾ ಎಂಬ ಫ್ರೆಂಚ್ ಮೇಷ್ಟ್ರು. ಮೇಷ್ಟ್ರು ಅಂತ ಬೇಕೆಂದೇ ಬರೆದೆ. 1842ರಲ್ಲಿ ಅಮಿಯಾಂ ಊರಿನಲ್ಲಿ ಹುಟ್ಟಿದರು. ಪ್ರಷ್ಯಾದ ಜೊತೆಗಿನ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದರು. ಆಮೇಲೆ ನಿಮ್ಮ ಹಾಗೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ನಿಮ್ಮ ಶಾಲೆಯ ಗಣಿತ ಪ್ರಯೋಗಾಲಯದಲ್ಲಿ ಮೂರು ಕಂಬ, ಒಂದರ ಮೇಲೊಂದು ಬಿಲ್ಲೆ ಇರುವ 'ಹನೋಯ್ ಗೋಪುರ' ಇರಬಹುದು. 1883ರಲ್ಲಿ ಆ ಆಟಿಕೆಯನ್ನು ಹೊರತಂದವರು ಇವರೇ, ಅದೂ ಸುಳ್ಳು ಹೆಸರಿನಲ್ಲಿ. ಅದರ ಜೊತೆ ಒಂದು ಕಟ್ಟುಕಥೆಯೂ ಬಂತು: ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ಬಿಲ್ಲೆಗಳಿವೆ, ಅರ್ಚಕರು ಹಗಲೂ ರಾತ್ರಿ ಅವನ್ನು ಕಂಬದಿಂದ ಕಂಬಕ್ಕೆ ಸಾಗಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ. ಕಾಶಿಗೆ ಹೋಗಿ ಬಂದ ನಮ್ಮ ಅಜ್ಜಿಯರಾರೂ ಅದನ್ನು ಕಂಡಿಲ್ಲ ಬಿಡಿ. 64 ಬಿಲ್ಲೆಗೆ ಬೇಕಾದ ಕನಿಷ್ಠ ನಡೆಗಳು 2⁶⁴ − 1, ಮತ್ತೆ ಅದೇ ಭತ್ತದ ಕಾಳಿನ ಲೆಕ್ಕ. 127 ಬಿಲ್ಲೆ ಇದ್ದರೆ? ನಿಮ್ಮ ಹುಡುಗನ ಚೀಟಿಯಲ್ಲಿರುವಷ್ಟು ನಡೆ.

ಇನ್ನು ಲೂಕಾ ಅವರ ಪರೀಕ್ಷೆ. ನಿಯಮ ಎಷ್ಟು ಸರಳ ಅಂದರೆ ಎಂಟನೇ ಕ್ಲಾಸಿನವರೇ ಮಾಡಬಹುದು. 1930ರಲ್ಲಿ ಲೇಮರ್ ಎಂಬ ಅಮೆರಿಕದ ಗಣಿತಜ್ಞ ಒಪ್ಪಮಾಡಿದ ರೂಪವನ್ನೇ ಹೇಳುತ್ತೇನೆ. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ. ನಿಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆ, ಮತ್ತೆ ಶೇಷ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. ಬರದಿದ್ದರೆ ಅಲ್ಲ. 2ನ್ನು ಬಿಟ್ಟು ಉಳಿದ ಎಲ್ಲ ಅವಿಭಾಜ್ಯ ಘಾತಾಂಕಗಳಿಗೂ ಇದು ನಡೆಯುತ್ತದೆ.

2⁷ − 1 = 127ಕ್ಕೆ ಮಾಡಿ ನೋಡೋಣ. ಐದು ಸುತ್ತು. 4 ಇದ್ದದ್ದು 14 ಆಗುತ್ತದೆ. 14ರ ವರ್ಗ 196, 2 ಕಳೆದರೆ 194, ಶೇಷ 67. ಅಲ್ಲಿಂದ 42, ಅಲ್ಲಿಂದ 111. 111ರ ವರ್ಗ 12321, 2 ಕಳೆದರೆ 12319. ಅದು ಸರಿಯಾಗಿ 127 × 97. ಶೇಷ ಸೊನ್ನೆ! 127 ಅವಿಭಾಜ್ಯ. 2047ಕ್ಕೆ ಇದೇ ಆಟ ಒಂಬತ್ತು ಸುತ್ತು ಆಡಿದರೆ ಕೊನೆಗೆ 1736 ಬರುತ್ತದೆ, ಸೊನ್ನೆ ಅಲ್ಲ. 2047 ಒಡೆಯುತ್ತದೆ ಅಂತ ಗೊತ್ತಾಯಿತು. ಆದರೆ 23, 89 ಎಂಬ ಹೆಸರು ಎಲ್ಲೂ ಬರಲಿಲ್ಲ ನೋಡಿ.

ಈ ವಿಚಿತ್ರ 67ರ ವಿಷಯದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. 2⁶⁷ − 1 ಅವಿಭಾಜ್ಯ ಅಲ್ಲ ಎಂದು ಲೂಕಾ 1876ರಲ್ಲೇ ಹೇಳಿದ್ದರು. ಹಾಗಾದರೆ ಅದರ ಅಪವರ್ತನ ಯಾವುದು? ಅದು ತಿಳಿದದ್ದು 1903ರಲ್ಲಿ. ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಬೋರ್ಡಿನ ಮೇಲೆ 193707721 × 761838257287 ಅನ್ನು ಗುಣಿಸಿ ತೋರಿಸಿದರು. ಒಂದು ಮಾತೂ ಆಡಲಿಲ್ಲ, ಹೋಗಿ ಕೂತರು ಎಂಬ ಕಥೆ ಇದೆ. ಒಡೆಯುತ್ತದೆ ಎಂದು ತಿಳಿಯುವುದು ಒಂದು ವಿದ್ಯೆ, ಒಡೆಯುವುದು ಇನ್ನೊಂದು. ಎರಡನೆಯದು ತುಂಬಾ ಕಷ್ಟ.

127ರ ಘಾತಕ್ಕೆ 125 ಸುತ್ತು ಬೇಕು. ಪ್ರತಿ ಸುತ್ತಿನಲ್ಲೂ 39 ಅಂಕಿಯ ಸಂಖ್ಯೆಯನ್ನು ವರ್ಗ ಮಾಡಬೇಕು. 70ಕ್ಕೂ ಹೆಚ್ಚು ಅಂಕಿಯ ಉತ್ತರವನ್ನು ಮತ್ತೆ 39 ಅಂಕಿಯಿಂದ ಭಾಗಿಸಬೇಕು. ದಿನಕ್ಕೊಂದು ಮಾಡಿದರೂ ನಾಲ್ಕು ತಿಂಗಳು. ಲೂಕಾ ಇಲ್ಲಿ ಒಂದು ಚಂದದ ಉಪಾಯ ಹೂಡಿದರು. ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದದ್ದು ಇದೇ.

999ರಿಂದ ಭಾಗಿಸಿದ ಶೇಷವನ್ನು ಭಾಗಾಕಾರ ಮಾಡದೆ ಕಂಡುಹಿಡಿಯಬಹುದು. 12345678 ಇದ್ದರೆ ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ ಕೂಡಿಸಿ: 12 + 345 + 678 = 1035. ಮತ್ತೆ 1 + 35 = 36. ಅದೇ ಶೇಷ. 1000 ಎನ್ನುವುದು 999ಕ್ಕಿಂತ ಒಂದೇ ಒಂದು ಜಾಸ್ತಿ ಇರುವುದರಿಂದ ಹೀಗಾಗುತ್ತದೆ. 2¹²⁷ − 1ಕ್ಕೂ ಇದೇ ನ್ಯಾಯ. ಸಂಖ್ಯೆಗಳನ್ನು 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ, 127 ಸ್ಥಾನಕ್ಕೆ ಕತ್ತರಿಸಿ ಕೂಡಿಸಿದರಾಯಿತು. ಭಾಗಾಕಾರವೇ ಇಲ್ಲ. ಎಡಗಡೆ ಹೊರಗೆ ಬಿದ್ದದ್ದು ಬಲಗಡೆಯಿಂದ ಒಳಗೆ ಬರುತ್ತದೆ. ಚೆನ್ನೆಮಣೆ ಆಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ: ಕೊನೆಯ ಗುಳಿ ಮುಗಿದರೆ ಕಾಳು ಹಾಕುವುದು ನಿಲ್ಲುವುದಿಲ್ಲ, ಸುತ್ತಿಕೊಂಡು ಬರುತ್ತದೆ.

ಲೂಕಾ ಇದನ್ನು 127 ಸಾಲು, 127 ಕಂಬದ ಚದುರಂಗದ ಮಣೆಯ ಮೇಲೆ ಕಾಯಿ ನಡೆಸುವ ಆಟವಾಗಿ ವಿವರಿಸಿದರು. ನೀವು 31ಕ್ಕೆ ಮಾಡಿಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಐದು ಮನೆ ಎಳೆದು, ಕಂಬಗಳ ಮೇಲೆ 16, 8, 4, 2, 1 ಎಂದು ಬರೆಯಿರಿ. ಹುಣಸೆ ಬೀಜ ತನ್ನಿ. 14ರ ವರ್ಗ ಬೇಕು. 14 ಅಂದರೆ 8 + 4 + 2. ಹಾಗಾಗಿ ಮೂರು ಸಾಲು: 14ರ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು. ಎರಡರಷ್ಟು ಎಂದರೆ ಬೀಜಗಳನ್ನು ಒಂದು ಮನೆ ಎಡಕ್ಕೆ ಸರಿಸುವುದು, ಆಚೆ ಹೋದದ್ದನ್ನು ಬಲತುದಿಗೆ ತರುವುದು. ಮೊದಲ ಸಾಲಿನಲ್ಲಿ 16, 8, 4ರ ಮನೆಗಳಲ್ಲಿ ಬೀಜ. ಎರಡನೆಯದರಲ್ಲಿ 16, 8, 1. ಮೂರನೆಯದರಲ್ಲಿ 16, 2, 1. ಈಗ ಒಂದೇ ಕಂಬದಲ್ಲಿ ಎರಡು ಬೀಜ ಇದ್ದರೆ ಅವನ್ನು ತೆಗೆದು ಎಡಗಡೆ ಕಂಬಕ್ಕೆ ಒಂದು ಹಾಕಿ. 16ರ ಕಂಬದಲ್ಲಿ ಎರಡಿದ್ದರೆ 1ರ ಕಂಬಕ್ಕೆ ಒಂದು. ಕೊನೆಗೆ 8ರ ಮನೆಯಲ್ಲೊಂದು, 2ರ ಮನೆಯಲ್ಲೊಂದು ಉಳಿಯುತ್ತವೆ. ಅಂದರೆ 10. ಎರಡು ಕಳೆಯಬೇಕು: 2ರ ಮನೆಯ ಬೀಜ ಎತ್ತಿಬಿಡಿ. 8 ಉಳಿಯಿತು. ಇನ್ನೊಂದು ಸುತ್ತು ಹಾಕಿದರೆ ಮಣೆ ಖಾಲಿ. 31 ಅವಿಭಾಜ್ಯ! ಗುಣಾಕಾರದ ಮಗ್ಗಿಯೇ ಬೇಕಾಗಲಿಲ್ಲ.

ಲೂಕಾ ಶುರುಮಾಡಿದ್ದು 4ರಿಂದ ಅಲ್ಲ, 3ರಿಂದ ಎಂಬುದನ್ನು ಹೇಳಿಬಿಡಬೇಕು. 3, 7, 47, 2207 ಹೀಗೆ. ಘಾತಾಂಕವನ್ನು 4ರಿಂದ ಭಾಗಿಸಿದಾಗ ಶೇಷ 3 ಬಂದರೆ ಇದೂ ನಡೆಯುತ್ತದೆ, 127 ಅಂಥದ್ದು. ಈ ಸಂಖ್ಯೆಗಳು 1, 2, 3, 5, 8, 13 ಎಂಬ ಸಾಲಿನ ನೆಂಟರು. ಆ ಸಾಲಿಗೆ ಫಿಬೊನಾಚಿ ಎಂಬ ಹೆಸರನ್ನು ಬಳಕೆಗೆ ತಂದವರೂ ಲೂಕಾ. ಅವರಿಗೆ ಗೊತ್ತಿರಲಿಲ್ಲವೇನೋ, ಇಷ್ಟು ಮಾತ್ರೆಯ ಸಾಲನ್ನು ಲಘು-ಗುರುಗಳಿಂದ ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂದು ಎಣಿಸುವಾಗ ನಮ್ಮ ಛಂದಸ್ಸಿನವರು ಅದೇ ಸಾಲನ್ನು ಬರೆದಿಟ್ಟಿದ್ದರು. ಹೇಮಚಂದ್ರ ಹೇಳಿದ್ದು 12ನೇ ಶತಮಾನದಲ್ಲಿ.

ಸರಿ, ಸೊನ್ನೆ ಬಂದರೆ ಅವಿಭಾಜ್ಯ ಹೇಗಾಯಿತು? ಪೂರ್ತಿ ಸಾಧನೆ ಇಲ್ಲಿ ಬೇಡ. ಒಳಗಿನ ಯೋಚನೆ ಮಾತ್ರ ಹೇಳುತ್ತೇನೆ. ವರ್ಗ ಮಾಡುವ, 2 ಕಳೆಯುವ ಆಟದ ಹಿಂದೆ 2 + √3 ಎಂಬ ಸಂಖ್ಯೆ ಅಡಗಿದೆ. ಅದನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತಾ, ಶೇಷ ಮಾತ್ರ ಇಟ್ಟುಕೊಳ್ಳುತ್ತಾ ಹೋದರೆ, ಒಂದಲ್ಲ ಒಂದು ದಿನ ಹೊರಟಲ್ಲಿಗೇ ವಾಪಸ್ ಬರುತ್ತೀರಿ. 125ನೇ ಸುತ್ತಿನಲ್ಲಿ ಸೊನ್ನೆ ಬಂತು ಅಂದರೆ, ಹಾಗೆ ವಾಪಸ್ ಬರಲು ಸರಿಯಾಗಿ 2¹²⁷ ಹೆಜ್ಜೆ ಬೇಕು ಎಂದು ಅರ್ಥ. ಒಂದೂ ಕಮ್ಮಿ ಇಲ್ಲ.

ಈಗ ನಮ್ಮ ಸಂಖ್ಯೆಗೆ ಒಂದು ಅಪವರ್ತನ ಇದೆ ಅಂತ ಇಟ್ಟುಕೊಳ್ಳಿ. ಅತಿ ಚಿಕ್ಕದನ್ನು ತೆಗೆದುಕೊಳ್ಳಿ. ಅದರ ವರ್ಗ ನಮ್ಮ ಸಂಖ್ಯೆಯನ್ನು ಮೀರುವಂತಿಲ್ಲ. ಅದರಿಂದ ಭಾಗಿಸಿ ಶೇಷ ನೋಡಿದರೂ ಅದೇ 2¹²⁷ ಹೆಜ್ಜೆಯ ಸುತ್ತು ಇರಬೇಕು. ಆದರೆ ಆ ಚಿಕ್ಕ ಊರಿನಲ್ಲಿ ಇರುವ ಮನೆಗಳೇ ಅಪವರ್ತನದ ವರ್ಗದಷ್ಟು, ಅಂದರೆ ಹೆಚ್ಚೆಂದರೆ 2¹²⁷ − 1. ಅಷ್ಟು ಮನೆ ಇರುವ ಊರಲ್ಲಿ, ಹೋದ ಮನೆಗೆ ಮತ್ತೆ ಹೋಗದೆ 2¹²⁷ ಮನೆ ಸುತ್ತಿ ಬರುವುದು ಹೇಗೆ? ಆಗದ ಮಾತು. ಹಾಗಾಗಿ ಅಂಥ ಅಪವರ್ತನವೇ ಇಲ್ಲ. ಪಕ್ಕದ ಮನೆ 2¹²⁷ ಬರೀ ಎರಡುಗಳಿಂದ ಆಗಿರುವುದಕ್ಕೇ ವರ್ಗ ಮಾಡುತ್ತಾ ಹೋಗಿ ಈ ಸುತ್ತಿನ ಉದ್ದವನ್ನು ಅಳೆಯಲು ಆಯಿತು. 39 ಅಂಕಿಯ ಅವಿಭಾಜ್ಯಗಳಿಗೇನೂ ಬರ ಇಲ್ಲ. ಆ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ 88ಕ್ಕೆ ಒಂದು ಅವಿಭಾಜ್ಯ. ಆದರೆ ಅವುಗಳ ಪಕ್ಕದ ಮನೆಯವರು ಹೀಗೆ ಅನುಕೂಲಸ್ಥರಲ್ಲ. 1876ರಲ್ಲಿ ಅವು ಕೈಗೆ ಸಿಗುವಂತಿರಲಿಲ್ಲ.

ಲೂಕಾ ಕೊಟ್ಟ ಸಾಧನೆಗಳಲ್ಲಿ ಅಲ್ಲಲ್ಲಿ ಬಿರುಕುಗಳಿದ್ದವು. ಅವನ್ನು ಮುಚ್ಚಿದ್ದು ಲೇಮರ್. ಅಷ್ಟು ಉದ್ದದ ಕೈಲೆಕ್ಕದಲ್ಲಿ ಎಲ್ಲೋ ತಪ್ಪಿರಬಹುದಲ್ಲ ಎಂದು ನೀವು ಕೇಳಬಹುದು. ಇಲ್ಲೊಂದು ಸೂಕ್ಷ್ಮ ಇದೆ. ಕೊನೆಗೆ ಸೊನ್ನೆ ಬರದಿದ್ದರೆ ಅನುಮಾನ ಪಡಬೇಕು: ಸಂಖ್ಯೆ ನಿಜಕ್ಕೂ ಒಡೆಯುತ್ತದೋ, ನಾವು ಎಲ್ಲಾದರೂ ಎಡವಿದೆವೋ? ಆದರೆ ದಾರಿಯಲ್ಲಿ ತಪ್ಪು ಮಾಡಿ, ಆಮೇಲೂ 39 ಅಂಕಿಯ ಲೆಕ್ಕ ಸರಿಯಾಗಿ ಸೊನ್ನೆಗೇ ಬಂದು ನಿಲ್ಲುವುದು ಬಹಳ ಅಪರೂಪ. ಸೊನ್ನೆ ತನ್ನ ಸಾಕ್ಷಿ ತಾನೇ ಹೇಳುತ್ತದೆ. ನಾನು ಎಂ.ಎಸ್ಸಿ. ಓದುವಾಗ ಹಾಸ್ಟೆಲ್ ರೂಮಿನಲ್ಲಿ ಕೂತು 2¹³ − 1 = 8191ಕ್ಕೆ ಈ ಪರೀಕ್ಷೆ ಮಾಡಿದೆ. ಸೊನ್ನೆ ಬರಲಿಲ್ಲ. ಒಂದು ಸಂಜೆ ಪೂರ್ತಿ ಹುಡುಕಿದ ಮೇಲೆ ನಾಲ್ಕನೇ ಸುತ್ತಿನಲ್ಲೇ ಒಂದು ಕಡೆ ದಶಕ ಬಿಟ್ಟಿದ್ದೆ ಅಂತ ತಿಳಿಯಿತು. ಸರಿಯಾದ ಸಾಲು ಇದು: 4, 14, 194, 4870, 3953, 5970, 1857, 36, 1294, 3470, 128, 0. ಮಕ್ಕಳಿಗೆ ಕ್ಯಾಲ್ಕುಲೇಟರ್ ಕೊಟ್ಟು ಮಾಡಿಸಿ.

ಸೊನ್ನೆಗೆ ಮುಂಚಿನ 128 ನೋಡಿದಿರಾ? ಅದು 2⁷. 31ರಲ್ಲಿ ಸೊನ್ನೆಗೆ ಮುಂಚೆ 8 ಬಂತು, ಅದು 2³. 127ರಲ್ಲಿ 111 ಬಂತು. 127 − 16 ಅಂತ ಬರೆದರೆ ಅಲ್ಲೂ 2⁴ ಇಣುಕುತ್ತದೆ. ಇದು ಕಾಕತಾಳೀಯ ಅಲ್ಲ. ಕೊನೆಯಲ್ಲಿ ವರ್ಗದಿಂದ 2 ಕಳೆದಾಗ ಸೊನ್ನೆ ಬರಬೇಕಾದರೆ, ಅದಕ್ಕೆ ಮುಂಚಿನದು ಶೇಷಗಳ ಲೆಕ್ಕದಲ್ಲಿ 2ರ ವರ್ಗಮೂಲ ಆಗಿರಬೇಕು. 2¹²⁷ ಶೇಷ 1 ಕೊಡುವುದರಿಂದ 2¹²⁸ ಶೇಷ 2 ಕೊಡುತ್ತದೆ. ಅದರ ವರ್ಗಮೂಲ 2⁶⁴, ಇಲ್ಲವೇ ಅದರ ಋಣರೂಪ. ಅಂದರೆ ಆ 125 ಸುತ್ತಿನ ಪಯಣ ಮುಗಿಯುವ ಒಂದು ಹೆಜ್ಜೆ ಮುಂಚೆ ಅದೇ ಚದುರಂಗದ ಭತ್ತದ ರಾಶಿ, ಒಂದೇ ಒಂದು ಕಾಳು ಜಾಸ್ತಿ ಆಗಿ, ಎದುರಿಗೆ ನಿಂತಿರುತ್ತದೆ!

ಈ ಸಂಖ್ಯೆ 75 ವರ್ಷ ದಾಖಲೆ ಇಟ್ಟುಕೊಂಡಿತ್ತು. 1951ರಲ್ಲಿ ಫೆರಿಯೆ ಎಂಬ ಫ್ರೆಂಚ್ ಗಣಿತಜ್ಞ ಮೇಜಿನ ಮೇಲಿಡುವ ಲೆಕ್ಕದ ಯಂತ್ರ ಬಳಸಿ 44 ಅಂಕಿಯ ಅವಿಭಾಜ್ಯ ಸಾಧಿಸಿದರು: 2¹⁴⁸ + 1ನ್ನು 17ರಿಂದ ಭಾಗಿಸಿದರೆ ಬರುವುದು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಮಿಲ್ಲರ್ ಮತ್ತು ವೀಲರ್ ಕಂಪ್ಯೂಟರ್ ಹಿಡಿದು 79 ಅಂಕಿಗೆ ಹೋದರು. ಅವರು ಹೋದದ್ದು ಲೂಕಾ ಅವರ ಹೆಗಲ ಮೇಲೇರಿಯೇ: ನಿಮ್ಮ ಹುಡುಗನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದು ಕೂಡಿಸಿದರು. ಈ ಸಲ ಬೇಕಾದ ಪಕ್ಕದ ಮನೆ ಕೆಳಗಡೆಯದು, ಒಂದು ಕಡಿಮೆಯದು. ಅದರ ಅಪವರ್ತನಗಳು ಮೊದಲೇ ಗೊತ್ತಿದ್ದವು. ಯಂತ್ರದ ಸಹಾಯವಿಲ್ಲದೆ ಬರೀ ಕೈಯಲ್ಲಿ ಸಾಧಿಸಿದ ಅತಿ ದೊಡ್ಡ ಅವಿಭಾಜ್ಯ ಎಂಬ ಪಟ್ಟ ಇವತ್ತಿಗೂ 2¹²⁷ − 1ರದ್ದೇ. ಪಕ್ಕದ ಮನೆ ಅನುಕೂಲ ಇಲ್ಲದ ಯಾವ ಸಂಖ್ಯೆಗೂ ನಡೆಯುವ, ಎಲ್ಲೂ ಅನುಮಾನ ಉಳಿಯದ ವೇಗದ ವಿಧಾನ ಇದೆ ಎಂದು 2002ರಲ್ಲಿ ತೋರಿಸಿದವರು ನಮ್ಮ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಆದರೆ ದಾಖಲೆ ಮುರಿಯುವವರು ಇಂದಿಗೂ ಲೂಕಾ ದಾರಿಯನ್ನೇ ಹಿಡಿಯುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ 2¹³⁶²⁷⁹⁸⁴¹ − 1ಕ್ಕೆ 41024320 ಅಂಕಿಗಳಿವೆ. ಅದನ್ನು ಖಚಿತಪಡಿಸಿದ್ದು ಇದೇ '4ರಿಂದ ಶುರು, ವರ್ಗ ಮಾಡು, 2 ಕಳೆ' ಎಂಬ ಪರೀಕ್ಷೆ.

ಬೇರೆ ಗುಣಗಳನ್ನು ಚುಟುಕಾಗಿ ಹೇಳುತ್ತೇನೆ. ಈ ಸಂಖ್ಯೆಯನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ. 6 = 1 + 2 + 3 ಇದ್ದ ಹಾಗೆ, ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳ ಮೊತ್ತಕ್ಕೆ ಅದೂ ಸಮ. ಇದನ್ನು 8ರಿಂದ ಭಾಗಿಸಿದರೆ ಶೇಷ 7. ಹಾಗಾಗಿ ಎರಡು ವರ್ಗಗಳ ಮೊತ್ತವಾಗಿಯೂ ಬರೆಯಲಾಗದು, ಮೂರು ವರ್ಗಗಳದ್ದಾಗಿಯೂ ಆಗದು. ನಾಲ್ಕು ಬೇಕೇ ಬೇಕು.

ಇನ್ನೊಂದು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ಅಷ್ಟು ಮುದ್ದಾಗಿದೆ. ಘಾತಾಂಕವನ್ನು 3ರಿಂದ ಭಾಗಿಸಿದಾಗ ಶೇಷ 1 ಬಂದರೆ, ಮರ್ಸೆನ್ ಅವಿಭಾಜ್ಯವನ್ನು 'ಒಂದು ವರ್ಗ, ಜೊತೆಗೆ ಇನ್ನೊಂದು ವರ್ಗದ ಏಳರಷ್ಟು' ಎಂದು ಬರೆಯಬಹುದು. 127 = 8² + 7 × 3². 8191 = 48² + 7 × 29². 2147483647 = 43968² + 7 × 5533². ಮೊದಲ ವರ್ಗದಲ್ಲಿರುವ 8, 48, 43968 ನೋಡಿ. ಮೂರೂ 8ರಿಂದ ಭಾಗವಾಗುತ್ತವೆ! ಲೆಮ್ಮರ್‌ಮೈಯರ್ ಇದನ್ನು ಗಮನಿಸಿದರು. ಯಾವಾಗಲೂ ಹೀಗೇ ಎಂದು ಲೆನ್‌ಸ್ಟ್ರಾ ಮತ್ತು ಸ್ಟೀವನ್‌ಹೇಗನ್ ಸಾಧಿಸಿದರು. ನೋಡಲು ಎಂಟನೇ ಕ್ಲಾಸಿನ ಲೆಕ್ಕ, ಸಾಧಿಸಲು ಬೇಕಾದದ್ದು ಸಂಶೋಧಕರ ಮಟ್ಟದ ಗಣಿತ. 127 ಕೂಡ ಇಂಥ ಘಾತಾಂಕವೇ, ಹಾಗಾಗಿ ಚೀಟಿಯ ಸಂಖ್ಯೆಗೂ ಇದು ಸಲ್ಲುತ್ತದೆ.

ಉಪಯೋಗ ಕೇಳಿದ್ದಿರಿ. ದಿನಬಳಕೆಯಲ್ಲಿ ನೀವು ಮುಟ್ಟುವುದು ಇದರ ತಮ್ಮನನ್ನು, 2147483647. ಹಳೆಯ ಮಾದರಿಯ ಕಂಪ್ಯೂಟರ್‌ಗಳು 32 ಬಿಟ್ಟಿನಲ್ಲಿ ಹಿಡಿಯುವ ಅತಿ ದೊಡ್ಡ ಧನ ಸಂಖ್ಯೆ ಅದು. 1970ರಿಂದ ಸೆಕೆಂಡುಗಳನ್ನು ಹಾಗೆ ಎಣಿಸುವ ಯಂತ್ರಗಳ ಗಡಿಯಾರ 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ತುಂಬಿಹೋಗುತ್ತದೆ. 128 ಬಿಟ್ಟಿನಲ್ಲಿ ಆ ಗಡಿ ಹುಡುಗನ ಸಂಖ್ಯೆ. ಅಲ್ಲಿ ಅದು ಅವಿಭಾಜ್ಯ ಆಗಿರುವುದಕ್ಕೂ ಗಡಿ ಆಗಿರುವುದಕ್ಕೂ ಸಂಬಂಧ ಇಲ್ಲ, ಸುಮ್ನೆ ಒಂದಾಗಿವೆ. ನಿಜವಾದ ಉಪಯೋಗ ಗುಪ್ತಲಿಪಿಯಲ್ಲಿದೆ. 2015ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಹೊರತಂದ 'ಫೋರ್‌ಕ್ಯೂ' ಎಂಬ ವಕ್ರರೇಖೆಯ ಲೆಕ್ಕವೆಲ್ಲ 2¹²⁷ − 1ರ ಶೇಷಗಳಲ್ಲೇ ನಡೆಯುತ್ತದೆ. ಕಾರಣ ಅದೇ ಚೆನ್ನೆಮಣೆ: ಭಾಗಾಕಾರದ ಬದಲು ಕತ್ತರಿಸಿ ಕೂಡಿಸಿದರೆ ಸಾಕು, ವೇಗ ಸಿಗುತ್ತದೆ. ಹಾಗಂತ ಇದನ್ನೇ ಯಾರಾದರೂ ಗುಟ್ಟಿನ ಕೀಲಿ ಮಾಡಿಕೊಂಡರೆ ಕೆಟ್ಟರು. ಎಲ್ಲರಿಗೂ ಗೊತ್ತಿರುವ ಸಂಖ್ಯೆ ಗುಟ್ಟು ಹೇಗಾಗುತ್ತದೆ?

ಹುಡುಗ ಮತ್ತೆ ಚೀಟಿ ಹಿಡಿದು ಬಂದರೆ ಇದನ್ನು ಕೊಡಿ. 2ರಿಂದ ಶುರುಮಾಡಿ, ಬಂದದ್ದನ್ನೇ ಘಾತಾಂಕ ಮಾಡುತ್ತಾ ಹೋಗು. 2² − 1 = 3. 2³ − 1 = 7. 2⁷ − 1 = 127. 2¹²⁷ − 1 ನಿನ್ನ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಮುಂದಿನದು? ಕತಲಾನ್ ಎಂಬ ಗಣಿತಜ್ಞ ಲೂಕಾ ಕಾಲದಲ್ಲೇ ಇದನ್ನು ಕೇಳಿದ್ದರು. ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ. ಆ ಸಂಖ್ಯೆಗೆ ಸುಮಾರು 5 × 10³⁷ ಅಂಕಿಗಳಿವೆ. ಬರೆದಿಡಲು ಭೂಮಿಯ ಮೇಲಿನ ಎಲ್ಲ ಕಂಪ್ಯೂಟರ್ ಸೇರಿದರೂ ಸಾಲದು, ಲೂಕಾ ಪರೀಕ್ಷೆ ಅಲ್ಲಿ ಕೈಕಟ್ಟಿ ಕೂರುತ್ತದೆ. ಹಾಗಾಗಿ ನೀವು ಹೇಳಿಕೊಟ್ಟ ಹಳೇ ಭಾಗಾಕಾರವೇ ಗತಿ: ಅದಕ್ಕೊಂದು ಅಪವರ್ತನ ಇದ್ದರೆ ಅದು ಹುಡುಗನ ಸಂಖ್ಯೆಯ ಎರಡರಷ್ಟರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು. ಮೊದಲ ಅಭ್ಯರ್ಥಿ ಎರಡರಷ್ಟಕ್ಕೆ ಒಂದು ಕೂಡಿಸಿದ್ದು, ಅಂದರೆ 2¹²⁸ − 1. ಅದು 3ರಿಂದ ಭಾಗವಾಗುತ್ತದೆ, ನಮ್ಮ 255ರ ಹಾಗೇ ಬಿದ್ದುಹೋಯಿತು. ಎರಡನೆಯದನ್ನು ಹುಡುಗನೇ ನೋಡಲಿ. ಎಂಟರ ನಿಯಮ ಮರೆಯಬಾರದು ಅಂತ ಹೇಳಿ.